ಎಕ್ಸ್‌ರೇ ಚೆನ್ನಾಗಿದೆ, ಅವ್ವನಿಗೆ ಇಳಿಜಾರು ಇಳಿಯೋಕಾಗ್ತಿಲ್ಲ: ಕಾಲು ಆಪರೇಷನ್ ಮಾಡೋ ಡಾಕ್ಟರುಗಳಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಹಾಗೂ ಜಿಲ್ಲೆಯ ಒಳಗೂ ಹೊರಗೂ ನಮ್ಮ ಜನರ ಕಾಲಿಗೆ ಆಪರೇಷನ್ ಮಾಡೋ ಎಲ್ಲ ಮೂಳೆ ಡಾಕ್ಟರುಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ನಾಪೋಕ್ಲು ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ನಾಲ್ಕು ಎಕರೆ ತೋಟ, ಕೆಳಗಡೆ ಸ್ವಲ್ಪ ಗದ್ದೆ, ಎರಡು ಹಸು, ಅಷ್ಟೇ ನಮ್ಮ ಬದುಕು. ಡಾಕ್ಟ್ರಲ್ಲ, ಸಂಶೋಧನೆ ಮಾಡೋನೂ ಅಲ್ಲ. ಆದ್ರೂ ಕಳೆದ ಒಂದು ವರ್ಷದಿಂದ ರಾತ್ರಿ ಊಟ ಆದ್ಮೇಲೆ ಕೂತು ಕಾಲಿನ ಗಂಟು (ಮಂಡಿ ಅಲ್ಲ, ಪಾದ ಸೇರೋ ಕಡೆಯ ಹರಡು), ಹಿಮ್ಮಡಿ ಮೂಳೆ ಇವುಗಳ ಚಿಕಿತ್ಸೆ ಬಗ್ಗೆ ಬಂದಿರೋ ಅಧ್ಯಯನಗಳನ್ನ ಓದ್ತಾ ಇದೀನಿ. ನನ್ನ ಅಕ್ಕನ ಮಗಳು ಫಿಜಿಯೋಥೆರಪಿ ಓದ್ತಿದ್ದಾಳೆ, ಅವಳು ಕಳಿಸ್ತಾಳೆ, ನಾನು ಅರ್ಥ ಆಗದೇ ಇರೋದನ್ನ ಫೋನ್ ಮಾಡಿ ಕೇಳ್ತೀನಿ. ಇದನ್ನೆಲ್ಲ ಯಾಕೆ ಓದೋಕೆ ಹೊರಟೆ ಅಂದ್ರೆ, ನಮ್ಮವ್ವನ ಬಲಗಾಲಿಗೆ ಆಪರೇಷನ್ ಆಗಿ ವರ್ಷ ದಾಟಿದ್ರೂ ಅವ್ವ ಮನೆಯಿಂದ ಕೊಟ್ಟಿಗೆಗೆ ಕೋಲಿಲ್ಲದೆ ಇಳಿಯೋ ಹಾಗಿಲ್ಲ, ಆದ್ರೆ ಆಸ್ಪತ್ರೆ ಲೆಕ್ಕದಲ್ಲಿ ಅವ್ವ ವಾಸಿಯಾದ ಪೇಷಂಟು.

ನಡೆದದ್ದನ್ನ ನಡೆದ ಹಾಗೇ ಹೇಳ್ತೀನಿ. 2024ರ ಜುಲೈ. ಆ ವಾರ ಎಂಥ ಮಳೆ ಅಂತ ನಿಮಗೂ ಗೊತ್ತಿರುತ್ತೆ. ಬೆಳಿಗ್ಗೆ ಆರೂವರೆಗೆ ಹಾಲು ಕರೆಯೋಕೆ ಅಂತ ಅವ್ವ ಕೊಟ್ಟಿಗೆಗೆ ಇಳೀತಿದ್ರು, ಮೂರನೇ ಕಲ್ಲು ಮೆಟ್ಟಿಲ ಮೇಲೆ ಪಾಚಿ ಕಟ್ಟಿತ್ತು, ಜಾರಿದ್ರು. ನಾನು ಓಡಿ ಹೋಗೋ ಹೊತ್ತಿಗೆ ಕೂತ್ಕೊಂಡು ಕಾಲು ಹಿಡ್ಕೊಂಡಿದ್ರು, ಪಾದ ಹೊರಗಡೆಗೆ ತಿರುಗಿಬಿಟ್ಟಿತ್ತು, ಬಿದ್ದ ಚೊಂಬಿನಿಂದ ನೀರು ಇನ್ನೂ ಹರೀತಾ ಇತ್ತು. ಕಾಫಿ ಬಾಕ್ಸಿನ ಎರಡು ಹಲಗೆ ಇಟ್ಟು ಗೋಣಿ ಸುತ್ತಿ ಕಟ್ಟಿ ಪಕ್ಕದ ಮನೆಯವರ ಜೀಪಲ್ಲಿ ಹೊರಟ್ವಿ, ಮೂರ್ನಾಡು ರಸ್ತೆಲಿ ನೀರು ಬಂದಿದೆ ಅಂತ ಸುತ್ತಿ ಬಳಸಿ ಹೋದ್ವಿ. ಎಕ್ಸ್‌ರೇ ತೆಗೆದು ಗಂಟಿನ ಎರಡೂ ಕಡೆ ಮೂಳೆ ಮುರಿದಿದೆ ಅಂದ್ರು, ಅರ್ಧ ಪ್ಲಾಸ್ಟರ್ ಕಟ್ಟು ಹಾಕಿ ಜಿಲ್ಲೆಯ ಹೊರಗೆ ಕಳಿಸಿದ್ರು. ಸಂಜೆ ಹೊತ್ತಿಗೆ ಒಂದು ಖಾಸಗಿ ಆಸ್ಪತ್ರೆಲಿ ಇದ್ವಿ. ಆ ಆಸ್ಪತ್ರೆ ಹೆಸರನ್ನ ನಾನಿಲ್ಲಿ ಬರೆಯಲ್ಲ, ನಾನು ಕೇಳ್ತಿರೋದು ಒಂದು ಆಸ್ಪತ್ರೆಯ ಪ್ರಶ್ನೆ ಆಗಿದ್ರೆ ಅಲ್ಲೇ ಹೋಗಿ ಜಗಳ ಆಡ್ತಿದ್ದೆ.

ಅವತ್ತು ರಾತ್ರಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರು ನಾಲ್ಕು ಪುಟದ ಇಂಗ್ಲಿಷ್ ಫಾರಂ ತಂದು ಇಲ್ಲಿ ಇಲ್ಲಿ ಇಲ್ಲಿ ಸೈನ್ ಹಾಕಿ ಅಂದ್ರು. ಅವ್ವನಿಗೆ 67 ವರ್ಷ, ಹನ್ನೊಂದು ವರ್ಷದಿಂದ ಶುಗರ್ ಇದೆ, ಅದನ್ನ ಹೇಳಿ "ಕಟ್ಟು ಹಾಕಿದ್ರೆ ಆಗಲ್ವಾ ಡಾಕ್ಟ್ರೇ" ಅಂತ ಕೇಳ್ದೆ. "ಇವಾಗ ಕಟ್ಟು ಯಾರೂ ಹಾಕಲ್ಲ, ಪ್ಲೇಟು ಸ್ಕ್ರೂ ಹಾಕಿದ್ರೇನೇ ಸರಿ ಹೋಗೋದು" ಅಂದ್ರು. ಮೂರು ನಿಮಿಷ ಇರಬಹುದು ಆ ಮಾತುಕತೆ. ನಾನು ಸೈನ್ ಹಾಕ್ದೆ. ಅವ್ವನ್ನ ಯಾರೂ ಏನೂ ಕೇಳ್ಲಿಲ್ಲ, ಹೆಬ್ಬೆಟ್ಟಲ್ಲ, ಅವ್ವನಿಗೆ ಕನ್ನಡ ಚೆನ್ನಾಗಿ ಓದೋಕೆ ಬರುತ್ತೆ, ಆದ್ರೂ.

ಆಪರೇಷನ್ ಆಯ್ತು. ಐದನೇ ದಿನ ಡಿಸ್ಚಾರ್ಜ್. ಮೂರನೇ ವಾರಕ್ಕೆ ಹೊರಗಡೆ ಗಾಯದ ಕೆಳಭಾಗ ಒಂದು ಬೆರಳಗಲ ಬಾಯಿ ಬಿಡ್ತು, ನೀರು ಸೋರೋಕೆ ಶುರುವಾಯ್ತು. ಎರಡು ದಿನಕ್ಕೊಂದು ಸಲ ಡ್ರೆಸ್ಸಿಂಗ್, ಅಷ್ಟು ದೂರದ ಆಸ್ಪತ್ರೆಗೆ ಹೋಗೋಕಾಗಲ್ಲ ಅಂತ ಇಲ್ಲೇ ಹತ್ತಿರದ ನರ್ಸಮ್ಮ ಬಂದು ಮಾಡ್ತಿದ್ರು, ಅವರ ಋಣ ನಾನು ತೀರಿಸೋಕಾಗಲ್ಲ. ಗಾಯ ಆರೋಕೆ ಎರಡು ತಿಂಗಳು ಹಿಡೀತು. ಇದು ಆಸ್ಪತ್ರೆಯ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಶುಗರ್ ಇರೋರಿಗೆ, ವಯಸ್ಸಾದೋರಿಗೆ ಅಲ್ಲಿ ಚರ್ಮ ತೆಳು, ರಕ್ತ ಓಡಾಟ ಕಮ್ಮಿ, ಗಾಯ ಆರೋದು ಕಷ್ಟ, ಇದು ಈಗ ನನಗೂ ಗೊತ್ತು. ನನ್ನ ದೂರು ಏನಂದ್ರೆ, ಇದು ನಿಮಗೆ ಅವತ್ತೇ ಗೊತ್ತಿತ್ತು.

ಇನ್ನೊಂದಿದೆ, ನನ್ನನ್ನ ಜಾಸ್ತಿ ಸುಟ್ಟಿರೋದು ಅದೇ. ಡಿಸ್ಚಾರ್ಜ್ ಶೀಟಲ್ಲಿ ಕೆಳಗಡೆ ಪೆನ್ನಲ್ಲಿ ಮೂರು ಇಂಗ್ಲಿಷ್ ಅಕ್ಷರ ಬರೆದಿತ್ತು: ಎನ್, ಡಬ್ಲ್ಯೂ, ಬಿ. ಅಷ್ಟೇ. ಅದರ ಅರ್ಥ ಕಾಲಿಗೆ ಭಾರ ಹಾಕಬೇಡಿ ಅಂತ, ಅದನ್ನ ವಾರ್ಡ್ ಹುಡುಗ ಹೇಳ್ದ. ಎಲ್ಲಿವರೆಗೆ ಅಂತ ಬರೆದಿರಲಿಲ್ಲ. ಅವ್ವ ಹಳೇ ಕಾಲದೋರು, ಡಾಕ್ಟ್ರು ಬೇಡ ಅಂದ್ಮೇಲೆ ಬೇಡ. ಹನ್ನೊಂದು ವಾರ ಪಾದ ನೆಲಕ್ಕೆ ತಾಗಿಸ್ಲಿಲ್ಲ. ಹಾಸಿಗೆ, ವಾಕರ್, ಬಾತ್‌ರೂಮಿಗೆ ಹೆಂಡತಿ ಹೆಗಲು, ಮತ್ತೆ ಹಾಸಿಗೆ. ಮೀನಖಂಡ ಎಲ್ಲ ಕರಗಿ ಕಾಲು ಕೋಲಿನ ಹಾಗಾಯ್ತು. ಮೂರನೇ ತಿಂಗಳು ತೋರಿಸೋಕೆ ಹೋದಾಗ ಡಾಕ್ಟ್ರು ಎಕ್ಸ್‌ರೇನ ಕಂಪ್ಯೂಟರಲ್ಲಿ ದೊಡ್ಡದು ಮಾಡಿ ನೋಡಿ "ಫಸ್ಟ್ ಕ್ಲಾಸಾಗಿ ಕೂಡಿದೆ, ಯಾಕಮ್ಮ ಇನ್ನೂ ನಡೀತಿಲ್ಲ" ಅಂದ್ರು. ಅವ್ವ ನನ್ನ ಮುಖ ನೋಡಿದ್ರು. ನಾನು ಶೀಟು ತೋರಿಸಿದೆ. ಅವ್ರು ಏನೂ ಅನ್ಲಿಲ್ಲ, ನಡೀರಿ ಇನ್ನು ಅಂದ್ರು, ಮುಂದಿನ ಪೇಷಂಟಿಗೆ ಬೆಲ್ ಒತ್ತಿದ್ರು. ಎದ್ದು ಬರುವಾಗ ಅವ್ವ ಹೇಳಿದ್ದು, "ಇಳಿಜಾರಲ್ಲಿ ಇಳಿಯೋಕಾಗಲ್ಲ ಅಂತ ಹೇಳೋಣ ಅಂದ್ಕೊಂಡಿದ್ದೆ ಮಗ, ಅವ್ರು ಕೇಳ್ಲೇ ಇಲ್ಲ."

ಆಮೇಲೆ ನಾನು ಓದೋಕೆ ಶುರು ಮಾಡ್ದೆ. ಓದಿದ್ದರಲ್ಲಿ ಮೊದಲನೇದು ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ, 2016ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂದಿದ್ದು. 60 ದಾಟಿದವರು, ಗಂಟಿನ ಮೂಳೆ ಅಲುಗಾಡೋ ಹಾಗೆ ಮುರಿದವರು, ಅಂದ್ರೆ ನಮ್ಮವ್ವನ ಥರದವರೇ, 24 ಆಸ್ಪತ್ರೆಗಳಿಂದ 620 ಜನ. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಆಪರೇಷನ್, ಉಳಿದ ಅರ್ಧಕ್ಕೆ ಕಟ್ಟು. ಮಾಮೂಲಿ ದಪ್ಪ ಕಟ್ಟಲ್ಲ ಅದು, ಅರಿವಳಿಕೆ ಕೊಟ್ಟು ಮೂಳೆ ಕೂರಿಸಿ, ಹತ್ತಿ ಕಮ್ಮಿ ಹಾಕಿ, ಕಾಲಿನ ಆಕಾರಕ್ಕೇ ಅಂಟಿದ ಹಾಗೆ ಹಾಕೋ ಕಟ್ಟು. ಆರು ತಿಂಗಳಾದ್ಮೇಲೆ ನೋಡಿದ್ರೆ ಎರಡೂ ಗುಂಪಿನವರ ನಡಿಗೆ, ನೋವು, ಓಡಾಟ ಹೆಚ್ಚುಕಮ್ಮಿ ಒಂದೇ. ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟಿದ್ದಾರೆ, ಆಪರೇಷನ್ ಆದವರದ್ದು 66, ಕಟ್ಟು ಹಾಕಿಸ್ಕೊಂಡವರದ್ದು 64.5. ಗಾಯ ಕೀವಾಗೋದು, ಬಾಯಿ ಬಿಡೋದು ಆಪರೇಷನ್ ಆದವರಲ್ಲಿ ನೂರಕ್ಕೆ 10 ಜನಕ್ಕೆ, ಕಟ್ಟಿನವರಲ್ಲಿ ನೂರಕ್ಕೆ ಒಬ್ಬರಿಗೆ. ಮೂರು ವರ್ಷ ಬಿಟ್ಟು ಮತ್ತೆ ಹುಡುಕಿ ಕೇಳಿದ್ದಾರೆ, 2018ರಲ್ಲಿ ಅದೂ ಬಂತು, ಆಗ್ಲೂ ಎರಡೂ ಕಡೆ ಸಮ.

ನಾನು ಅರ್ಧ ಸತ್ಯ ಹೇಳಿ ಯಾರನ್ನೂ ದಾರಿ ತಪ್ಪಿಸಬಾರದು, ಹಾಗಾಗಿ ಇನ್ನರ್ಧನೂ ಹೇಳ್ತೀನಿ. ಕಟ್ಟು ಹಾಕಿದವರಲ್ಲಿ ಮೂಳೆ ಸ್ವಲ್ಪ ಸೊಟ್ಟ ಕೂಡಿದ್ದು ನೂರಕ್ಕೆ 15 ಜನಕ್ಕೆ, ಆಪರೇಷನ್ನಲ್ಲಿ ನೂರಕ್ಕೆ 3. ಕಟ್ಟಿಂದ ಶುರು ಮಾಡಿದವರಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬರಿಗೆ ಮೂಳೆ ಜಾರಿ ಆಮೇಲೆ ಆಪರೇಷನ್ನೇ ಮಾಡ್ಬೇಕಾಯ್ತು. ಆ ಥರ ಕಟ್ಟು ಹಾಕೋಕೆ ಪಳಗಿದ ಕೈ ಬೇಕು, ವಾರ ವಾರ ಎಕ್ಸ್‌ರೇ ತೆಗೆದು ನೋಡ್ಬೇಕು, ನಮ್ಮ ಘಟ್ಟದ ರಸ್ತೇಲಿ ಮಳೆಗಾಲ ಅದು ಸುಲಭ ಇಲ್ಲ. ಇದನ್ನೆಲ್ಲ ಅವತ್ತು ಕೂತು ಹೇಳಿದ್ರೆ ನಾವೂ ಬಹುಶಃ ಆಪರೇಷನ್ನೇ ಆಗ್ಲಿ ಅಂತಿದ್ವೋ ಏನೋ. ಆದ್ರೆ ಗಾಯ ಬಾಯಿ ಬಿಟ್ಟ ದಿನ ನಾವು ಹೆದರಿ ಸಾಯ್ತಿರಲಿಲ್ಲ, ಇದೂ ಆಗಬಹುದು ಅಂತ ಗೊತ್ತಿದ್ದೇ ಒಪ್ಪಿದ್ವಿ ಅಂತ ಇರ್ತಿತ್ತು. "ಇವಾಗ ಕಟ್ಟು ಯಾರೂ ಹಾಕಲ್ಲ" ಅನ್ನೋದು ಮಾತ್ರ ನಿಜ ಅಲ್ಲ. ಆ ಒಂದು ಮಾತಿನ ಮೇಲೆ ನಾನು ಸೈನ್ ಹಾಕಿದೀನಿ. 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಒಪ್ಪಿಗೆ ತಗೊಳ್ಳೋ ಮುಂಚೆ ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನಿದೆ, ಏನೂ ಮಾಡದೇ ಇದ್ರೆ ಏನಾಗುತ್ತೆ, ಇಷ್ಟನ್ನೂ ಪೇಷಂಟಿಗೆ ತಿಳಿಸ್ಬೇಕು ಅಂತ.

ಕಾಲೂರೋ ವಿಷಯಕ್ಕೆ ಬರ್ತೀನಿ. ಅವ್ವ ಬಿದ್ದ ಅದೇ 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಒಂದು ಅಧ್ಯಯನ ಬಂದಿದೆ, ಇದೂ ಬ್ರಿಟನ್ನಿಂದೇ, 23 ಆಸ್ಪತ್ರೆ, 561 ಜನ, ಎಲ್ಲರೂ ಗಂಟಿಗೆ ಆಪರೇಷನ್ ಆದವರು. ಅರ್ಧ ಜನಕ್ಕೆ ಎರಡು ವಾರಕ್ಕೇ ಕಾಲೂರಿ ನಡೀರಿ ಅಂದಿದ್ದಾರೆ, ಅರ್ಧ ಜನಕ್ಕೆ ಆರು ವಾರ ಕಾಯಿರಿ ಅಂದಿದ್ದಾರೆ. ನಾಲ್ಕು ತಿಂಗಳಿಗೆ ನೋಡಿದ್ರೆ ಬೇಗ ಕಾಲೂರಿದವರು ಯಾವುದರಲ್ಲೂ ಹಿಂದೆ ಬಿದ್ದಿಲ್ಲ, ತೊಂದರೆಗಳೂ ಜಾಸ್ತಿ ಆಗಿಲ್ಲ. ಅವ್ವನಿಗೆ ಗಾಯ ಬಾಯಿ ಬಿಟ್ಟಿತ್ತು, ಎರಡು ವಾರಕ್ಕೆ ಆಗ್ತಿರಲಿಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೆ ಹನ್ನೊಂದು ವಾರ ಅಂತ ಯಾರು ಹೇಳಿದ್ರು? ಯಾರೂ ಹೇಳಿಲ್ಲ. ಅದು ಯಾರೂ ತೀರ್ಮಾನ ಮಾಡಿದ ಹನ್ನೊಂದು ವಾರ ಅಲ್ಲ, ಒಂದು ತಾರೀಖು ಬರೆಯೋಕೆ ಮರೆತ ಹನ್ನೊಂದು ವಾರ.

ಅದೇ ಅಧ್ಯಯನದಲ್ಲಿ ಪಾದದ ಸ್ಪರ್ಶ ಜ್ಞಾನ ಇಲ್ಲದವರನ್ನ ಸೇರಿಸಿಲ್ಲ. ಶುಗರಿಂದ ಪಾದದ ನರ ಸತ್ತಿದ್ರೆ ನೋವೇ ಗೊತ್ತಾಗಲ್ಲ, ಅಂಥವರಿಗೆ ಲೆಕ್ಕಾನೇ ಬೇರೆ. ಇದನ್ನ ನೋಡೋಕೆ ಏನು ಬೇಕು ಅಂದ್ರೆ ಒಂದು ನೈಲಾನ್ ಎಳೆ. ಅಕ್ಕನ ಮಗಳು ರಜೆಲಿ ಬಂದಾಗ ತಂದಿದ್ಲು, ಪೆನ್ನಿನ ತುದೀಲಿ ಮೀನು ಗಾಳದ ದಾರದ ಥರ ಒಂದು ತುಂಡು, ಅದನ್ನ ಬಾಗೋ ತನಕ ಒತ್ತಿದ್ರೆ ಸರಿಯಾಗಿ ಹತ್ತು ಗ್ರಾಂ ಭಾರ ಬೀಳುತ್ತಂತೆ. ಅವ್ವನ ಕಣ್ಣು ಮುಚ್ಚಿಸಿ ಪಾದದ ಅಡಿಗೆ ಒಂದೊಂದು ಕಡೆ ತಾಗಿಸಿ "ಅಜ್ಜಿ, ಗೊತ್ತಾಯ್ತಾ" ಅಂತ ಕೇಳಿದ್ಲು. ಹೆಬ್ಬೆರಳ ಕೆಳಗೆ ಅವ್ವನಿಗೆ ಗೊತ್ತಾಗ್ಲಿಲ್ಲ. ಎರಡನೇ ಸಲನೂ ಗೊತ್ತಾಗ್ಲಿಲ್ಲ. ಹನ್ನೊಂದು ವರ್ಷ ಶುಗರ್ ಇರೋ ಹೆಂಗಸಿನ ಪಾದಕ್ಕೆ ಪ್ಲೇಟು ಹಾಕಿದ ದಿನದಿಂದ ಇಲ್ಲಿವರೆಗೆ ಆ ಪರೀಕ್ಷೆ ಮಾಡಿದ ಮೊದಲನೇ ಮನುಷ್ಯಳು ಫಿಜಿಯೋ ಓದ್ತಿರೋ ಒಬ್ಬ ಹುಡುಗಿ, ನಮ್ಮ ಜಗಲಿ ಮೇಲೆ.

ಇನ್ನು ಮೆಣಸು ಕುಯ್ಯೋರ ಕಥೆ. ಜಿಲ್ಲೆಯ ಹೊರಗಿನವರಿಗೆ ಗೊತ್ತಿರಲ್ಲ, ಇಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಸಿಲ್ವರ್ ಮರಕ್ಕೆ ಹಬ್ಬಿರೋ ಕರಿಮೆಣಸಿನ ಬಳ್ಳಿಗೆ ಏಣಿ ಹಾಕಿ, ಸೊಂಟಕ್ಕೆ ಚೀಲ ಕಟ್ಟಿ, ಇಪ್ಪತ್ತು ಮೂವತ್ತು ಅಡಿ ಮೇಲೆ ನಿಂತು ಕುಯ್ಯೋ ಕೆಲಸ. ಜಾರಿ ನೇರ ಕೆಳಗೆ ಬಂದ್ರೆ ಮೊದಲು ನೆಲಕ್ಕೆ ಬಡಿಯೋದು ಹಿಮ್ಮಡಿ, ಮೂಳೆ ಮೊಟ್ಟೆ ಒಡೆದ ಹಾಗೆ ಒಡೆಯುತ್ತೆ. ನಮ್ಮ ಕಡೆ ಕೆಲಸಕ್ಕೆ ಬರ್ತಿದ್ದ ಒಬ್ಬರಿಗೆ ಹಾಗಾಗಿತ್ತು. ಅವರಿಗೆ ಆಪರೇಷನ್ ಮಾಡ್ಲಿಲ್ಲ, ಕಟ್ಟು ಹಾಕಿ ಕಳಿಸಿದ್ರು. ಈಗ್ಲೂ ಗಮ್‌ಬೂಟಿನ ಒಳಗೆ ಗೋಣಿ ಚೂರನ್ನ ನಾಲ್ಕು ಮಡಿಕೆ ಮಾಡಿ ಹಿಮ್ಮಡಿಗೆ ಇಟ್ಕೊಂಡು ನಡೀತಾರೆ, ಏಣಿ ಹತ್ತೋದು ಬಿಟ್ಟಿದ್ದಾರೆ, ಕಣದಲ್ಲಿ ಕಾಫಿ ಹರಡೋ ಕೆಲಸ ಮಾತ್ರ. ಅವ್ರು ಒಂದು ಸಲ ನನಗೆ ಹೇಳಿದ್ರು, "ನನ್ನ ಹತ್ರ ದುಡ್ಡಿದ್ದಿದ್ರೆ ಆಪರೇಷನ್ ಮಾಡಿಸ್ಕೊಂಡು ಸರಿಯಾಗ್ತಿದ್ದೆ ಅಣ್ಣ." ನಾಲ್ಕು ವರ್ಷದಿಂದ ಆ ಮನುಷ್ಯ ಬಡತನದಿಂದ ನನ್ನ ಕಾಲು ಹೋಯ್ತು ಅಂತ ನಂಬ್ಕೊಂಡು ಬದುಕ್ತಾ ಇದ್ದಾರೆ.

2014ರಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಲಿ ಬಂದ ಅಧ್ಯಯನ ಓದಿದ ರಾತ್ರಿ ನನಗೆ ಅವ್ರದ್ದೇ ಮುಖ ನೆನಪಾಗ್ತಿತ್ತು. ಬ್ರಿಟನ್ನಿನ 22 ಆಸ್ಪತ್ರೆ, ಹಿಮ್ಮಡಿ ಮೂಳೆ ಜಾರಿ ಮುರಿದ 151 ಜನ. ಎರಡು ವರ್ಷ ಆದ್ಮೇಲೆ ಆಪರೇಷನ್ ಆದವರಿಗೂ ಆಗದವರಿಗೂ ನೋವಲ್ಲಿ, ನಡಿಗೆಲಿ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ತೊಂದರೆಗಳು ಆಪರೇಷನ್ ಆದವರಲ್ಲಿ ನೂರಕ್ಕೆ 23, ಆಗದವರಲ್ಲಿ ನೂರಕ್ಕೆ 4. ತೀರಾ ಆಕಾರ ಕೆಟ್ಟ ಹಿಮ್ಮಡಿಗಳನ್ನ ಅದರಲ್ಲಿ ಸೇರಿಸಿರಲಿಲ್ಲ, ಇವರದ್ದು ಎಷ್ಟು ಕೆಟ್ಟಿತ್ತು ಅಂತ ನಾನು ಹೇಳೋ ಹಾಗಿಲ್ಲ. ಆದ್ರೆ ಅವರಿಗೆ ಕಟ್ಟು ಹಾಕಿದ ಡಾಕ್ಟ್ರು ಬಹುಶಃ ಸರಿಯಾದ ಕೆಲಸಾನೇ ಮಾಡಿರಬಹುದು, ಯಾಕೆ ಹಾಗೆ ಮಾಡ್ತಿದೀನಿ ಅಂತ ಎರಡು ಮಾತು ಹೇಳಿದ್ರೆ ಆ ಮನುಷ್ಯ ಈ ಕೊರಗನ್ನ ಹೊತ್ಕೊಂಡು ತಿರುಗ್ತಿರಲಿಲ್ಲ. ಒಂದು ಕಡೆ ಹೇಳದೆ ಆಪರೇಷನ್, ಇನ್ನೊಂದು ಕಡೆ ಹೇಳದೆ ಕಟ್ಟು. ಕಾಯಿಲೆ ಎರಡು ಕಡೆನೂ ಒಂದೇ.

ಎಲ್ಲರಿಗೂ ಕಟ್ಟೇ ಸಾಕು ಅಂತ ನಾನು ವಾದ ಮಾಡೋಕೆ ಬಂದಿಲ್ಲ. ನಮ್ಮದು ಹಾಕಿ ಜಿಲ್ಲೆ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇವತ್ತಿಗೂ ನೂರಾರು ಮನೆತನಗಳನ್ನ ಮೈದಾನಕ್ಕೆ ಇಳಿಸುತ್ತೆ. ಓಡ್ತಾ ಓಡ್ತಾ ಹಿಮ್ಮಡಿ ಮೇಲಿನ ದಪ್ಪ ಹುರಿ (ಸ್ನಾಯುರಜ್ಜು), ಡಾಕ್ಟ್ರು ಅಕಿಲೀಸ್ ಅನ್ನೋದು, ಪಟ್ ಅಂತ ಕಿತ್ತು ಹೋದವರನ್ನ ನಾವೆಲ್ಲ ನೋಡಿದೀವಿ. ನಾರ್ವೆಲಿ 526 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಬಂತು, ಒಂದು ವರ್ಷಕ್ಕೆ ಆಪರೇಷನ್ ಆದ್ರೂ ಆಗದಿದ್ರೂ ಕಾಲಿನ ಕೆಲಸ ಸಮ, ಆದ್ರೆ ಆಪರೇಷನ್ ಆಗದವರಲ್ಲಿ ನೂರಕ್ಕೆ 6.2 ಜನಕ್ಕೆ ಮತ್ತೆ ಕಿತ್ತು ಹೋಗಿದೆ, ಆಪರೇಷನ್ ಆದವರಲ್ಲಿ 0.6. ಅದೇ ಹೊತ್ತಿಗೆ ಸಣ್ಣ ರಂಧ್ರದ ಆಪರೇಷನ್ನಲ್ಲಿ ನೂರಕ್ಕೆ 5.2 ಜನಕ್ಕೆ ನರಕ್ಕೆ ಪೆಟ್ಟಾಗಿದೆ. ಇಪ್ಪತ್ತೆರಡರ ಫಾರ್ವರ್ಡ್ ಆಡೋ ಹುಡುಗ ಈ ಅಂಕೆ ನೋಡಿ ಆಪರೇಷನ್ ಅಂತಾನೆ, ಅಂಗಡಿಲಿ ಕೂರೋ ಅವನ ದೊಡ್ಡಪ್ಪ ಬೇಡ ಅಂತಾರೆ, ಇಬ್ಬರೂ ಸರಿ. ಇಬ್ಬರಿಗೂ ಅಂಕೆ ಹೇಳೋರು ಬೇಕು.

ಈಗ ಮುಖ್ಯ ಮಾತು. ಇಷ್ಟೆಲ್ಲ ಅಧ್ಯಯನಗಳಲ್ಲಿ ಗೆದ್ದಿದ್ದು ಯಾವುದು ಸೋತಿದ್ದು ಯಾವುದು ಅಂತ ತೀರ್ಮಾನ ಮಾಡಿದ್ದು ಎಕ್ಸ್‌ರೇ ನೋಡಿ ಅಲ್ಲ, ಪೇಷಂಟನ್ನ ಕೇಳಿ. ಗಂಟಿಗೆ ಕಟ್ಟು ಹಾಕಿದವರಲ್ಲಿ ಸೊಟ್ಟ ಕೂಡಿದ ಎಕ್ಸ್‌ರೇ ಜಾಸ್ತಿ ಇತ್ತು, ನಡಿಗೆ ಸಮ ಇತ್ತು, ಹಾಗಾಗೇ ಸಮ ಅಂದ್ರು. ಗಂಟಿಗೆ ಇರೋದು ಒಂಬತ್ತು ಪ್ರಶ್ನೆ, ಒಲೆರುಡ್ ಮತ್ತು ಮೊಲಾಂಡರ್ ಅನ್ನೋ ಇಬ್ಬರು ಡಾಕ್ಟ್ರು 1984ರಲ್ಲಿ ಮಾಡಿದ್ದು: ನೋವು, ಬಿಗಿತ, ಊತ, ಮೆಟ್ಟಿಲು, ಓಟ, ಜಿಗಿತ, ಕುಕ್ಕುರುಗಾಲಲ್ಲಿ ಕೂರೋದು, ಕೋಲಿನ ಆಸರೆ, ದಿನದ ಕೆಲಸ. ಒಟ್ಟು ನೂರು ಅಂಕ. ಕೇಳೋಕೆ ಐದು ನಿಮಿಷ ಸಾಕು, ಫೋನಲ್ಲೂ ಕೇಳಬಹುದು.

ಅವ್ವನ್ನ ಕೂರಿಸ್ಕೊಂಡು ನಾನೇ ಕೇಳ್ದೆ. ಬಿಗಿತ ಇದೆ, ಸೊನ್ನೆ. ಊತ ಸಂಜೆ ಮಾತ್ರ, 5. ಮೆಟ್ಟಿಲು ಕಷ್ಟಪಟ್ಟು, 5. ಓಟ ಜಿಗಿತ ಎರಡೂ ಸೊನ್ನೆ, ಅವ್ವ ನಕ್ಕರು. ಕುಕ್ಕುರುಗಾಲು ಅಂದಾಗ ನಗು ನಿಂತೋಯ್ತು, ಒಲೆ ಮುಂದೆ ಕೂರೋಕೆ, ಹಸು ಕೆಳಗೆ ಕೂತು ಹಾಲು ಕರೆಯೋಕೆ ಈಗ ಆಗಲ್ಲ, ಸೊನ್ನೆ. ಕೋಲು ಬೇಕೇ ಬೇಕು, ಸೊನ್ನೆ. ಕೆಲಸ, ಸುಲಭದ್ದು ಮಾತ್ರ ಮಾಡ್ತಾರೆ, 20ಕ್ಕೆ 10. ನೋವು ಏರುಪೇರು ನೆಲದಲ್ಲಿ ನಡೆದಾಗ ಮಾತ್ರ ಅಂದ್ರು, ಅದಕ್ಕೆ 25ಕ್ಕೆ 20 ಕೊಡ್ಬೇಕು ಅಂತ ಬರೆದಿದೆ. ಒಟ್ಟು 40. ವರ್ಷ ದಾಟಿದ ಮೇಲೆ 40. ಬ್ರಿಟನ್ನಿನ ಅವ್ವಂದಿರದ್ದು ಆರೇ ತಿಂಗಳಿಗೆ ಸರಾಸರಿ 65ರ ಹತ್ರ ಇತ್ತು. ಒಬ್ಬರ ಅಂಕ ಇಟ್ಕೊಂಡು ಏನೂ ಸಾಬೀತು ಮಾಡೋಕಾಗಲ್ಲ ಅಂತ ಅಕ್ಕನ ಮಗಳು ಹೇಳಿದ್ದಾಳೆ, ಒಪ್ತೀನಿ. ಆದ್ರೆ ಈ 40 ಅನ್ನೋದು ನನ್ನ ನೋಟ್‌ಬುಕ್ಕಲ್ಲಿ ಬಿಟ್ರೆ ಯಾವ ಆಸ್ಪತ್ರೆಯ ಯಾವ ಕಡತದಲ್ಲೂ ಇಲ್ಲ. ಮತ್ತೆ ಆ ಏರುಪೇರು ನೆಲದ ಲೆಕ್ಕ ನಮಗೆ ಹೊಂದಲ್ಲ, ಕೊಡಗಲ್ಲಿ ಮನೆ ಅಂಗಳ ಬಿಟ್ರೆ ಸಮ ನೆಲ ಎಲ್ಲಿದೆ? ಗದ್ದೆ ಬದು, ತೋಟದ ಇಳಿಜಾರು, ಬಸ್ ಸ್ಟಾಪಿಗೆ ಹತ್ತೋ ಗುಡ್ಡ. ನಮ್ಮವರನ್ನ ಕೇಳುವಾಗ ಹತ್ತನೇ ಪ್ರಶ್ನೆಯಾಗಿ ಇಳಿಜಾರಿನ ಬಗ್ಗೆ ಕೇಳಲೇಬೇಕು.

ಹಾಗಾಗಿ ನನ್ನ ವಿನಂತಿಗಳು. ಡಾಕ್ಟರುಗಳಿಗೆ ಮೊದಲು: ಕಾಲಿನ ಆಪರೇಷನ್‌ಗೆ ಒಪ್ಪಿಗೆ ತಗೊಳ್ಳೋ ಮುಂಚೆ ಪೇಷಂಟಿಗೇ, ಅವರಿಗೆ ಅರ್ಥ ಆಗೋ ಭಾಷೆಲಿ, ಎರಡೂ ದಾರಿ ಹೇಳಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಈಗ ತೋಟಗಳಲ್ಲಿ ಅಸ್ಸಾಮಿನವರೂ ಇದ್ದಾರೆ, ಗೊತ್ತಿರೋ ಒಬ್ಬರನ್ನ ಪಕ್ಕಕ್ಕೆ ಕರೆದು ಹೇಳ್ಸಿ. ನಿಮ್ಮ ಸಲಹೆ ಆಪರೇಷನ್ನೇ ಆಗಿದ್ರೆ ಅದನ್ನೂ ಹೇಳಿ, ಯಾಕೆ ಅಂತಾನೂ ಹೇಳಿ, ನಾವು ನಿಮ್ಮ ಮಾತು ಮೀರೋರಲ್ಲ. ಶುಗರ್ ಇರೋರ ಪಾದಕ್ಕೆ ಆ ನೈಲಾನ್ ಎಳೆ ತಾಗಿಸಿ ನೋಡದೆ ಮುಂದುವರೀಬೇಡಿ. ಡಿಸ್ಚಾರ್ಜ್ ಶೀಟಲ್ಲಿ ಮೂರಕ್ಷರ ಬರೆಯೋ ಬದಲು ಕನ್ನಡದಲ್ಲಿ ಒಂದು ಸಾಲು ಬರೀರಿ, ಇಂಥ ತಾರೀಖಿಂದ ಕಾಲೂರಿ, ಮೊದಲ ವಾರ ಅರ್ಧ ಭಾರ, ಆಮೇಲೆ ಪೂರ್ತಿ. ಗಾಯ ನೋಡಿ ತಾರೀಖು ಬದಲಾಯಿಸ್ಬೇಕಾದ್ರೆ ಬದಲಾಯಿಸಿ, ಆದ್ರೆ ತಾರೀಖು ಅಂತ ಒಂದಿರಲಿ.

ಆರೋಗ್ಯ ಇಲಾಖೆಗೆ: 2019ರಲ್ಲಿ ನಮ್ಮ ಮಕ್ಕಳು ಕೊಡಗಿಗೆ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಅಭಿಯಾನ ಮಾಡಿದ್ದನ್ನ ಇಡೀ ರಾಜ್ಯ ನೋಡಿದೆ. ಆ ಬೇಡಿಕೆಗೆ ನನ್ನ ಸಹಿನೂ ಇದೆ. ಇವತ್ತು ಕೇಳ್ತಿರೋದಕ್ಕೆ ಕಟ್ಟಡ ಬೇಡ, ಹೊಸ ಮಿಷನ್ನೂ ಬೇಡ. ಆಸ್ಟ್ರೇಲಿಯಾದಲ್ಲಿ 214 ಜನರ ಮೇಲೆ ನೋಡಿದ್ದಾರೆ, 2015ರಲ್ಲಿ ಬಂದಿದ್ದು, ಗಂಟಿನ ಕಟ್ಟು ಬಿಚ್ಚಿದ ಮೇಲೆ ಫಿಜಿಯೋ ಹತ್ರ ಮತ್ತೆ ಮತ್ತೆ ಹೋಗಿ ವ್ಯಾಯಾಮ ಮಾಡಿದವರಿಗೂ, ಒಂದೇ ಸಲ ಕೂತು ಏನು ಮಾಡ್ಬೇಕು ಹೇಗೆ ಮಾಡ್ಬೇಕು ಅಂತ ಸರಿಯಾಗಿ ಹೇಳಿಸ್ಕೊಂಡು ಮನೆಗೆ ಹೋದವರಿಗೂ ಫಲಿತಾಂಶ ಒಂದೇ. ನಮ್ಮಂಥ ದೂರದ ಊರಿನವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ವಾರದಲ್ಲಿ ಒಂದು ದಿನ, ಕಟ್ಟು ಬಿಚ್ಚಿದವರನ್ನ, ಬೇರೆ ಊರಲ್ಲಿ ಆಪರೇಷನ್ ಮಾಡಿಸ್ಕೊಂಡು ಬಂದವರನ್ನೂ ಸೇರಿಸಿ, ಒಬ್ಬ ಫಿಜಿಯೋ ಅರ್ಧ ಗಂಟೆ ಕೂರಿಸಿ ಹೇಳಿಕೊಡೋ ವ್ಯವಸ್ಥೆ ಮಾಡಿ. ಚಿತ್ರ ಇರೋ ಒಂದು ಹಾಳೆ ಕೊಡಿ. ಮತ್ತೆ ನಾಲ್ಕನೇ ತಿಂಗಳು ಒಂದು ಸಲ, ವರ್ಷಕ್ಕೆ ಒಂದು ಸಲ, ಆ ಒಂಬತ್ತು ಪ್ರಶ್ನೆ ಮತ್ತು ಇಳಿಜಾರಿನ ಹತ್ತನೇ ಪ್ರಶ್ನೆ ಫೋನಲ್ಲಿ ಕೇಳಿ ಬರೆದಿಡಿ. ಆಶಾ ಕಾರ್ಯಕರ್ತೆಯರ ಮೇಲೆ ಇನ್ನೂ ಹೊರೆ ಹೊರಿಸಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ, ಮಾಡ್ಸೋದಾದ್ರೆ ಅದಕ್ಕೆ ಬೇರೆ ದುಡ್ಡು ಕೊಟ್ಟು ಮಾಡ್ಸಿ. ಆಯುಷ್ಮಾನ್ ಕಾರ್ಡಲ್ಲಿ ಬಿಲ್ ಪಾಸಾಗೋಕೆ ಆಪರೇಷನ್ ಆದ ಎಕ್ಸ್‌ರೇ ಕೇಳ್ತೀರಿ, ಸರಿ, ಒಂದು ವರ್ಷದ ಮೇಲೆ ಆ ಕಾಲು ನಡೀತಿದ್ಯಾ ಅಂತಾನೂ ಒಂದು ಕಾಲಂ ಇಡಿ. ಹೀಗೆ ಮೂರು ವರ್ಷ ಬರೆದಿಟ್ರೆ ಕೊಡಗಿನ ಕಾಲುಗಳ ಬಗ್ಗೆ ಬ್ರಿಟನ್ ಅಂಕೆ ಓದೋ ಅವಸ್ಥೆ ನನ್ನಂಥವರಿಗೆ ಇರಲ್ಲ.

ಈ ಪತ್ರನ ಪೋಸ್ಟ್ ಮಾಡೋ ಮುಂಚೆ ಅವ್ವನಿಗೆ ಪೂರ್ತಿ ಓದಿ ಹೇಳ್ದೆ. ಜಗಲಿ ಮೇಲೆ ಕಾಲು ಚಾಚಿ ಕೂತಿದ್ರು, ಸಂಜೆ ಆಗಿತ್ತು, ಗಂಟು ಊದಿತ್ತು. ಎಲ್ಲ ಕೇಳಿ, "ಆ ಡಾಕ್ಟ್ರ ಹೆಸರು ಹಾಕಿಲ್ಲ ತಾನೇ" ಅಂದ್ರು. ಹಾಕಿಲ್ಲ ಅಂದೆ. "ಆಯ್ತು. ಮೂರನೇ ಮೆಟ್ಟಿಲಿಗೆ ಸುಣ್ಣ ಹಾಕಿ ಪಾಚಿ ಉಜ್ಜಿಸು, ಮಳೆ ಶುರುವಾಗೋ ಮುಂಚೆ" ಅಂದ್ರು. ಅದು ನನ್ನ ಕೆಲಸ, ಈ ಭಾನುವಾರ ಮಾಡ್ತೀನಿ. ಮೇಲೆ ಕೇಳಿರೋದು ನಿಮ್ಮ ಕೆಲಸ, ಅದಕ್ಕೆ ನಿಮ್ಮ ಉತ್ತರ ಕಾಯ್ತಾ ಇರ್ತೀನಿ.

ಇಂತಿ ತಮ್ಮ ವಿಶ್ವಾಸಿ,
ನಾಪೋಕ್ಲು ಕಡೆಯ ಒಬ್ಬ ಕಾಫಿ ಬೆಳೆಗಾರ